ಹೆಚ್ಚಿಗೆ ಉಳಿದ ದಾರ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಆ ವರ್ಷಗಳಲ್ಲಿ ನಾನು ನೈರೋಬಿಯಲ್ಲಿ ಇರಲಿಲ್ಲ. ಪೆಟ್ಟು ತಿಂದವನಲ್ಲ, ಕಾನೂನು ಓದಿದವನೂ ಅಲ್ಲ. ಸಂಜೆ ಕಾಲೇಜಿನಲ್ಲಿ ಕಲಿತ ಕನ್ನಡದಲ್ಲಿ ಇಂಥದ್ದನ್ನು ಬರೆಯಲು ಕೂತರೆ ಪ್ರತಿ ವಾಕ್ಯಕ್ಕೂ ಯಾರೋ ಬೆನ್ನ ಹಿಂದೆ ನಿಂತು ‘ನಿನಗೇನು ಗೊತ್ತು?’ ಎಂದು ಕೇಳಿದ ಹಾಗಾಗುತ್ತದೆ. ರುಕ್ಮಿಣಮ್ಮನವರು ನನಗೆ ಹೇಳಿದ್ದು ಸ್ವಲ್ಪ, ಹೇಳದೆ ಬಿಟ್ಟಿದ್ದು ಹೆಚ್ಚು. ಅವರ ಮನಸ್ಸಿನೊಳಗೆ ನುಗ್ಗಿ ಬರೆದಲ್ಲೆಲ್ಲ ತಪ್ಪು ನನ್ನದು. ಹಿರಿಯರಾದ ಅವರನ್ನು ‘ಅವಳು’ ಎಂದು ಕರೆದದ್ದೂ ನನ್ನದೇ ತಪ್ಪು. ಬರೆಯದೆ ಇದ್ದರೆ ಅದಕ್ಕಿಂತ ದೊಡ್ಡ ತಪ್ಪಾದೀತು ಅನ್ನಿಸಿತು.

ಅವತ್ತು ಬೆಳಿಗ್ಗೆ ರುಕ್ಮಿಣಿಗೆ ಮೊದಲು ಸಿಟ್ಟು ಬಂದದ್ದು ಗಂಡನ ಹವಾಯಿ ಚಪ್ಪಲಿಯ ಮೇಲೆ. ಸದಾಶಿವ ದಿನಕ್ಕಿಂತ ಮುಂಚೆ ಎದ್ದು ಸ್ನಾನ ಮಾಡಿ, ಇಸ್ತ್ರಿಯ ಪ್ಯಾಂಟು, ತುಂಬುತೋಳಿನ ಶರ್ಟು, ಮೇಲೊಂದು ಸ್ವೆಟರು ಎಲ್ಲ ಹಾಕಿಕೊಂಡು, ಕಾಲಿಗೆ ಮಾತ್ರ ಆ ನೀಲಿ ಪಟ್ಟಿಯ ಚಪ್ಪಲಿ ಮೆಟ್ಟಿ ಬಾಲ್ಕನಿಯಲ್ಲಿ ಪೇಪರು ಹಿಡಿದು ಕೂತಿದ್ದ. ಅಂಗಿ ನೋಡಿದರೆ ಬರುತ್ತೇನೆ ಅನ್ನುವವನದು, ಕಾಲು ನೋಡಿದರೆ ಬರುವುದಿಲ್ಲ ಅನ್ನುವವನದು. ಇಡೀ ಜೀವಮಾನ ಹೀಗೆಯೇ ಬದುಕಿದ ಮನುಷ್ಯ, ಸೊಂಟದ ಮೇಲೊಂದು ಕೆಳಗೊಂದು, ಎಂದುಕೊಂಡಳು. ಅಂದುಕೊಂಡ ಕೂಡಲೇ ತನ್ನ ಮೇಲೂ ಸಿಟ್ಟು ಬಂತು. ಅವಳು ಬದುಕಿದ್ದೂ ಅವನ ಜೊತೆಯಲ್ಲೇ ತಾನೆ. ಕೆಳಗೆ ನೈರೋಬಿಯ ಹೈರಿಡ್ಜಿನ ರಸ್ತೆಯಲ್ಲಿ ಶಾಲೆಯ ಬಸ್ಸುಗಳು ಒಂದರ ಹಿಂದೆ ಒಂದು ನಿಂತು ಹಾರ್ನ್ ಹೊಡೆಯುತ್ತಿದ್ದವು.

“ರೀ, ಶೂಸ್ ಹಾಕ್ಕೊಳ್ಳಿ. ನಿಕಿತಾ ಮನೆಯಿಂದ ಹೊರಟಾಯ್ತಂತೆ.”

“ಬಿಪಿ ನೋಡ್ಕೊಂಡೆ. ನೂರರವತ್ತು ಇದೆ.”

“ನಂದು ನೋಡಿದ್ರೆ ನಿಮ್ಮ ಮಿಷನ್ನೇ ಒಡೆದುಹೋಗುತ್ತೆ. ಏಳಿ.”

“ಅಫಿಡವಿಟ್ ನಿನ್ನ ಹೆಸರಲ್ಲಿ ಅಲ್ವೇನೇ ಇರೋದು? ಅವರು ಕರೆದಿರೋದು ನಿನ್ನ.”

“ಯಾಕೆ ನನ್ನ ಕರೆದ್ರು? ನೀವು ಒಲ್ಲೆ ಅಂದಿದ್ದಕ್ಕೆ ತಾನೆ? ಆ ದಾರ ಕಟ್ಟಿದ ಕೈ ಯಾರದು, ನಂದಾ?”

ಸದಾಶಿವ ಪುಟ ತಿರುವಿದ. ಕೈ ನಡುಗುತ್ತಿತ್ತು. ವಯಸ್ಸಿಗೆ ನಡುಗುವುದೋ ಭಯಕ್ಕೋ ಎಂದು ಒಂದು ಕ್ಷಣ ಅವಳಿಗೆ ಕನಿಕರವಾಯಿತು, ಮರುಕ್ಷಣ ಕನಿಕರವೇ ಸಿಟ್ಟಾಯಿತು. ಭಯ ಅನ್ನುವುದನ್ನು ಕೂಡ ಈ ಮನುಷ್ಯ ಬಿಪಿ ಮಿಷನ್ನಿನ ಬಾಯಿಂದ ಹೇಳಿಸುತ್ತಾನೆ.

ಅದೇ ಕೈ. ಮೂವತ್ತೆಂಟು ವರ್ಷದ ಹಿಂದೆ ಅದಕ್ಕೆ ನಡುಕವಿರಲಿಲ್ಲ. ಅನಂತನ ಚತುರ್ದಶಿ, ಕಲಶ, ಕೆಂಪು ದಾರಗಳು, ದಾರಕ್ಕೆ ಹದಿನಾಲ್ಕು ಗಂಟು. ಮೈದುನ ಶ್ರೀನಿವಾಸಮೂರ್ತಿ ಮೊಂಬಾಸಾದಿಂದ ರಾತ್ರಿಯ ರೈಲಿಗೆ ಬರುತ್ತೇನೆ ಅಂದವನು ಬರಲೇ ಇಲ್ಲ, ಅವನ ಹೆಸರಿನಲ್ಲಿ ಪೂಜೆಗೆ ಇಟ್ಟಿದ್ದ ದಾರ ತಟ್ಟೆಯಲ್ಲಿ ಹೆಚ್ಚಿಗೆ ಉಳಿಯಿತು. ಪೂಜೆಯಾದ ದಾರವನ್ನು ಸುಮ್ಮನೆ ಇಡುವ ಹಾಗಿಲ್ಲ, ಎಸೆಯುವ ಹಾಗಿಲ್ಲ, ಯಾರಾದರೊಬ್ಬರು ಕಟ್ಟಿಕೊಂಡು ಒಂದು ವರ್ಷ ತೋಳಿನಲ್ಲಿ ಇಟ್ಟುಕೊಳ್ಳಬೇಕು. ಊರಿನಿಂದ ಬಂದಿದ್ದ ಅತ್ತೆ ಅದನ್ನೇ ಹಿಡಿದು ಅಡಿಗೆಮನೆಯಿಂದ ದೇವರ ಮನೆಗೆ, ದೇವರ ಮನೆಯಿಂದ ಅಡಿಗೆಮನೆಗೆ ಗೊಣಗುತ್ತ ಓಡಾಡುತ್ತಿದ್ದಾಗ ಗೇಟಿನ ಸದ್ದಾಯಿತು. ಆಲ್ಫ್ರೆಡ್ ವಚಿರಾ. ಸದಾಶಿವ ಮ್ಯಾನೇಜರಾಗಿದ್ದ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟು, ತೆಳ್ಳಗೆ ಉದ್ದಕ್ಕೆ ಇದ್ದವನು, ಲ್ಯಾಬಿನ ಬೀಗದ ಕೈ ಕೊಟ್ಟುಹೋಗಲು ಬಂದಿದ್ದ. ನಾಲ್ಕು ವರ್ಷದ ಮಗಳು ನಿಕಿತಾಗೆ ಅಂತ ಜೇಬಿನಲ್ಲಿ ಪ್ಯಾಶನ್ ಹಣ್ಣು. ಅಲ್ಲಿಯ ರೂಢಿಯಂತೆ ರುಕ್ಮಿಣಿಯನ್ನು ಮಗುವಿನ ಹೆಸರು ಹಿಡಿದು ‘ಮಾಮಾ ನಿಕಿತಾ’, ಅಂದರೆ ನಿಕಿತಾಳ ಅಮ್ಮ, ಎಂದು ಕರೆಯುತ್ತಿದ್ದ. ಸಿಕ್ಕಿದನಲ್ಲ ಒಬ್ಬ, ಎಂದು ಸದಾಶಿವ ನಗುತ್ತ ತಟ್ಟೆ ತರಲು ಹೇಳಿದ. ಕೊಡು ಕೈ, ಆಲ್ಫ್ರೆಡ್. ವರ್ಷವೆಲ್ಲ ತೆಗೆಯಬಾರದು, ತಿಳಿಯಿತಾ? ಅವಳು ತಟ್ಟೆ ಹಿಡಿದು ನಿಂತು, ತನಗೆ ಬರುತ್ತಿದ್ದ ಅರೆಬರೆ ಇಂಗ್ಲಿಷಿನಲ್ಲಿ ವ್ರತದ ಕಥೆಯನ್ನೂ ಹೇಳಿದ್ದಳು. ಹೆಂಡತಿಯ ತೋಳಿನ ದಾರ ನೋಡಿ ಇದು ನನ್ನನ್ನು ಮರುಳು ಮಾಡುವ ಮಾಟವೇ ಎಂದು ಅನುಮಾನಪಟ್ಟು ಕಿತ್ತು ಬೆಂಕಿಗೆ ಹಾಕಿದ ಋಷಿ, ಸಂಪತ್ತೆಲ್ಲ ಹೋಗಿ ಕಾಡಿನಲ್ಲಿ ಮರ ಮರವನ್ನೂ ಕೇಳುತ್ತ ಅಲೆದದ್ದು. ಆಲ್ಫ್ರೆಡ್ ಮರ್ಯಾದೆಯಿಂದ ಕೇಳಿ ನಕ್ಕಿದ್ದ.

ಒಂದು ತಿಂಗಳಾಗಿರಲಿಲ್ಲ, ಅವನನ್ನು ಮಟಾಟು ವ್ಯಾನುಗಳ ನಿಲ್ದಾಣದಿಂದ ಎತ್ತಿಕೊಂಡು ಹೋದರು. ಸೇನೆಯ ಒಂದಿಷ್ಟು ಜನ ದಂಗೆಯೆದ್ದು ಸೋತು ನಾಲ್ಕು ವರ್ಷವಾಗಿತ್ತು. ಆಳುವವರಿಗೆ ಆಮೇಲೆ ನಿದ್ದೆ ಬಂದಿರಲಿಲ್ಲ, ಎಲ್ಲೆಲ್ಲೂ ಗುಪ್ತ ಸಂಘ, ಗುಪ್ತ ಪ್ರಮಾಣ. ನೆಲಮಾಳಿಗೆಯ ಕೋಣೆಯಲ್ಲಿ ನೀರು ತುಂಬಿ ಅದರಲ್ಲಿ ನಿಲ್ಲಿಸಿದ್ದರು ಅನ್ನುವುದು ಅವಳಿಗೆ ತಿಳಿದದ್ದು ಮೊನ್ನೆ ಮೊನ್ನೆ, ಅಪ್ಪರ್ ಹಿಲ್ಲಿನ ಕಚೇರಿಯಲ್ಲಿ ಆಗಿನ ಶಿಕ್ಷೆ ತಪ್ಪು ಎಂದು ಅವನು ಈಗ ಹೈಕೋರ್ಟಿಗೆ ಹಾಕಿದ್ದ ಅರ್ಜಿಯನ್ನು ಅವನ ವಕೀಲೆ ವಂಜಿಕು ಓದಿ ಹೇಳಿದಾಗ. ಲಿಫ್ಟು, ಗಾಜಿನ ಗೋಡೆ, ಮುಂದೆ ಇಟ್ಟ ಚಹಾ ಆರುತ್ತಿತ್ತು. “ಒಂದೊಂದು ಗಂಟಿಗೂ ಒಂದೊಂದು ಹೆಸರು ಹೇಳು ಅಂದರಂತೆ, ಮೇಡಂ,” ಎಂದಳು ವಂಜಿಕು, ತಲೆ ಎತ್ತದೆ. “ಹದಿನಾಲ್ಕು ಗಂಟು ಇದೆ, ಹದಿನಾಲ್ಕು ಜನ ಇರಲೇಬೇಕು ಅಂತ.” ಆಮೇಲೆ ನ್ಯಾಯಾಲಯದ ಹೊತ್ತು ಮುಗಿದ ಮೇಲೆ ಬಾಗಿಲು ತೆರೆಸಿ, ವಕೀಲರಿಲ್ಲದೆ, ಕಾನೂನುಬಾಹಿರ ಪ್ರಮಾಣ ತೆಗೆದುಕೊಂಡೆ ಎಂದು ಒಪ್ಪಿಸಿ ಐದು ವರ್ಷ ಜೈಲು. ಆ ಮಾರನೆಯ ದಿನದ ಪೇಪರು ಮಾತ್ರ ಅವಳು ಆಗಲೇ ನೋಡಿದ್ದಳು: ಪ್ರಮಾಣದ ಗುರುತಾಗಿ ತೋಳಿಗೆ ಕಟ್ಟಿದ ಕೆಂಪು ದಾರ ವಶ. ಸದಾಶಿವ ಅದನ್ನು ಓದಿ ಪೇಪರನ್ನು ನಾಲ್ಕು ಮಡಿಕೆ ಮಡಿಸಿ, ಆ ಸುದ್ದಿ ಒಳಗೆ ಬರುವಂತೆ ಮಡಿಸಿ, ‘ಸಾರು ಹಾಕು’ ಅಂದಿದ್ದ. ಅವಳು ಹಾಕಿದ್ದಳು. ಯಾರಾದರೂ ಬಂದು ಕೇಳುತ್ತಾರೆ ಎಂದು ಕಾದರು. ಯಾರೂ ಬರಲಿಲ್ಲ. ಯಾರೂ ಅವರನ್ನು ಏನೂ ಕೇಳಲಿಲ್ಲ, ಅವರೂ ಯಾರಿಗೂ ಏನೂ ಹೇಳಲಿಲ್ಲ, ಒಂದು ಸುಳ್ಳನ್ನೂ ಆಡದೆ ಇಡೀ ವ್ಯವಹಾರ ಮುಗಿದುಹೋಗಿತ್ತು.

ಫೋನು ಬಡಿದುಕೊಂಡಿತು. ಕನ್ನಡ ಸಂಘದ ಅಧ್ಯಕ್ಷ ದ್ವಾರಕಾನಾಥ್.

“ಅತ್ತಿಗೇ, ನಾನು ಹೋಗ್ಬೇಡಿ ಅನ್ನಲ್ಲ. ಹೋಗಿ. ಆದ್ರೆ ಪೂಜೆ, ವ್ರತ, ಆ ವರ್ಡ್ಸ್ ಎಲ್ಲ ಬೇಡ. ಫ್ಯಾಮಿಲಿ ಫಂಕ್ಷನ್ ಅಂದ್ಬಿಡಿ. ಬರ್ತ್‌ಡೇ ಅನ್ನಿ.”

“ಯಾರ ಬರ್ತ್‌ಡೇ? ಅನಂತಪದ್ಮನಾಭಂದಾ?”

“ಜೋಕ್ ಮಾಡ್ತೀರಲ್ಲ. ನಾಳೆ ಪೇಪರಲ್ಲಿ ಹಿಂದೂ ಓತ್, ಪ್ರಮಾಣ ಗಿಮಾಣ ಅಂತ ಬಂದ್ರೆ? ಟೆಂಪಲ್ ಮುಂದೆ ಗಲಾಟೆ ಆದ್ರೆ? ಏಯ್ಟಿಟೂ ಮರೆತುಬಿಟ್ರಾ?”

“ಮರೆಯೋಕೆ ನೀವೆಲ್ಲಿ ಬಿಡ್ತೀರಿ, ವರ್ಷಾ ವರ್ಷಾ ಸಂಘದಲ್ಲಿ ಹೇಳಿಸ್ತೀರಲ್ಲ.” ಫೋನು ಇಟ್ಟಳು.

ಹೇಳಿಸುತ್ತಿದ್ದರು, ಹೌದು. ಎಂಬತ್ತೆರಡರ ದಂಗೆಯ ಆ ಎರಡು ದಿನ ಅಂಗಡಿ ಲೂಟಿಯಾದದ್ದು, ಹೆಂಗಸರು ನೀರಿನ ಟ್ಯಾಂಕಿನ ಹಿಂದೆ ಅಡಗಿದ್ದು, ಯಾರದೋ ಟೀವಿಯನ್ನು ಯಾರೋ ತಲೆಯ ಮೇಲೆ ಹೊತ್ತು ಓಡಿದ್ದು. ಅವಳೂ ಹೇಳಿದ್ದಳು, ಸಂಘದ ಸಂಚಿಕೆಗೆ ಬರೆದೂ ಕೊಟ್ಟಿದ್ದಳು, ಓದಿದವರು ಅತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಮ್ಮವರ ನೆನಪು ಅಲ್ಲಿಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿತ್ತು. ನಮಗೆ ಆದದ್ದು ಚರಿತ್ರೆ, ಅವರಿಗೆ ಆದದ್ದು ಅವರ ರಾಜಕೀಯ.

ಕಾರಿನಲ್ಲಿ ನಿಕಿತಾ ಮಾತಾಡಲಿಲ್ಲ. ಹಲ್ಲಿನ ಡಾಕ್ಟರು, ಬೇರೆಯವರ ಬಾಯಿ ತೆರೆಸುವ ಕೆಲಸ, ಆದರೆ ಸಿಟ್ಟು ಬಂದರೆ ತನ್ನ ಬಾಯಿ ಮುಚ್ಚಿಕೊಳ್ಳುವುದು ಅಪ್ಪನಿಂದ ಬಂದದ್ದು. ಪಾರ್ಕ್‌ಲ್ಯಾಂಡ್ಸ್ ದಾಟುವಾಗ ಒಂದು ಮಟಾಟು ಸಂಗೀತ ಬಡಿಯುತ್ತ ಅಡ್ಡ ನುಗ್ಗಿತು.

“ನಿಮ್ಮಪ್ಪ ಬರ್ಬೇಕಿತ್ತು ಕಣೇ,” ಎಂದಳು ರುಕ್ಮಿಣಿ.

“ಯೂ ಬೋತ್ ಶುಡ್ ಹ್ಯಾವ್ ಗಾನ್. ದೆನ್,” ಎಂದಳು ಮಗಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷೇ. “ಹಿ ಬ್ರಾಟ್ ಮಿ ಫ್ರೂಟ್, ಅಮ್ಮಾ. ನನಗೆ ಅವರ ಮುಖ ಕೂಡ ನೆನಪಿಲ್ಲ. ಯೂ ಜಸ್ಟ್ ರಬ್ಡ್ ಹಿಮ್ ಔಟ್.”

ಅಪರೂಪಕ್ಕೆ ಬಂದ ಆ ಒಂದು ಕನ್ನಡ ವಾಕ್ಯ ರುಕ್ಮಿಣಿಗೆ ಕೆನ್ನೆಗೆ ಬಿದ್ದ ಹಾಗೆ ಆಯಿತು. ಉಳಿದದ್ದನ್ನು ಇಂಗ್ಲಿಷಿನಲ್ಲಿ ಅಂದದ್ದು ಮಗಳ ದಯೆ.

ಹೈಕೋರ್ಟಿನ ಕಾರಿಡಾರಿನ ಬೆಂಚಿನಲ್ಲಿ ಆಲ್ಫ್ರೆಡ್ ಕೂತಿದ್ದ. ಕೋಲು ಹಿಡಿದು, ಕಾಲು ಮುಂದಕ್ಕೆ ಚಾಚಿ. ನೀರಿನಲ್ಲಿ ನಿಂತು ನಿಂತು ಆಗ ಹೋದ ಕಾಲು ಮತ್ತೆ ಪೂರ್ತಿ ಬರಲೇ ಇಲ್ಲವಂತೆ. ಅವಳನ್ನು ಕಂಡು ಏಳಲು ಹೋದ. ಬೇಡ ಬೇಡ ಎಂದು ಅವಳು ಕೈ ಆಡಿಸಿದಳು, ಅವನು ಎದ್ದೇ ಎದ್ದ. “ಮಾಮಾ ನಿಕಿತಾ, ಅಸಾಂಟೆ ಸಾನ, ತುಂಬಾ ಉಪಕಾರವಾಯಿತು. ದೂರ ಆಯಿತೇನೋ ನಿಮಗೆ,” ಎಂದ. ದೂರ! ಹೈರಿಡ್ಜಿನಿಂದ ಅರ್ಧ ಗಂಟೆಯ ದಾರಿ. ಬೈದಿದ್ದರೆ, ಉಗಿದಿದ್ದರೆ ನೆಟ್ಟಗೆ ನಿಲ್ಲಬಹುದಿತ್ತು. ಈ ಉಪಚಾರದ ಮುಂದೆ ಅವಳಿಗೆ ಸೀರೆಯ ಸೆರಗು ಕೂಡ ಎಲ್ಲಿಡಬೇಕೋ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಅವನ ಹೆಂಡತಿ ಮೇರಿ ಏಳಲಿಲ್ಲ.

“ನೀವು ನನ್ನನ್ನು ನೋಡಿಲ್ಲ. ನಾನು ನಿಮ್ಮನ್ನು ನೋಡಿದ್ದೇನೆ,” ಎಂದಳು ಮೇರಿ. ದನಿ ಏರಿಸಲಿಲ್ಲ. “ಇವನು ಒಳಗಿದ್ದಾಗ ನಾನು ಮಕ್ಕಳಿಗೆ ಹೇಳುತ್ತಿದ್ದೆ, ಆ ಇಂಡಿಯನ್ ಮನೆಯವರನ್ನು ದೇಶ ಬಿಡಿಸಿರಬೇಕು ಪಾಪ, ಇಲ್ಲದಿದ್ದರೆ ಬಂದು ಹೇಳದೆ ಇರುತ್ತಿದ್ದರೇ ಅಂತ. ನಿಮಗಾಗಿ ಪ್ರಾರ್ಥನೆ ಕೂಡ ಮಾಡಿದೆ, ಗೊತ್ತಾ? ಆಮೇಲೊಂದು ದಿನ ಪಾರ್ಕ್‌ಲ್ಯಾಂಡ್ಸಿನ ತರಕಾರಿ ಅಂಗಡಿಯಲ್ಲಿ ನಿಂತಿದ್ದಿರಿ. ಇವನ ಹತ್ತಿರ ನಿಮ್ಮ ಮನೆಯವರ ಫೋಟೋ ಇತ್ತು, ಕಾರ್ಖಾನೆಯ ಪಾರ್ಟಿಯದು, ಗುರುತು ಸಿಕ್ಕಿತು. ಬೆಂಡೆಕಾಯಿ ಆರಿಸುತ್ತಿದ್ದಿರಿ. ಒಂದೊಂದನ್ನೂ ತುದಿ ಮುರಿದು ನೋಡಿ, ಎಳೆಯದು ಬುಟ್ಟಿಗೆ, ಬಲಿತದ್ದು ವಾಪಸ್ಸು. ಎಷ್ಟು ಸಮಾಧಾನವಾಗಿ ಮುರಿಯುತ್ತಿದ್ದಿರಿ! ನಾನು ಅಂಗಡಿಯಿಂದ ಹಾಗೇ ಹೊರಟುಹೋದೆ.”

“ಮೇರಿ,” ಎಂದ ಆಲ್ಫ್ರೆಡ್.

“ಏನು ಮೇರಿ? ತರಕಾರಿ ಕತೆ ಹೇಳಬಾರದಾ?”

ರುಕ್ಮಿಣಿ ಬಾಯಿ ತೆರೆದಳು. ಅಷ್ಟರಲ್ಲಿ ಅವರ ಪ್ರಕರಣವನ್ನು ಕೂಗಿದರು.

ವಂಜಿಕು ಕೇಳಿದ್ದಕ್ಕೆಲ್ಲ ಉತ್ತರ ಸುಲಭವಾಗಿತ್ತು. ಹೌದು, ಪೂಜೆ. ಹೌದು, ನಮ್ಮ ಮನೆಯಲ್ಲಿ ತಲೆತಲಾಂತರದಿಂದ. ಹೌದು, ಎಲ್ಲ ದಾರಕ್ಕೂ ಹದಿನಾಲ್ಕೇ ಗಂಟು. ಕಟ್ಟಿದವರು ನನ್ನ ಗಂಡ. ಇಂಗ್ಲಿಷು ತಡೆಯದೆ ಬಂತು, ಅವಳಿಗೇ ಆಶ್ಚರ್ಯವಾಗುವಷ್ಟು. ಇಷ್ಟೇ ಇದ್ದದ್ದು, ಈ ನಾಲ್ಕು ಮಾತಿಗೆ ಮೂವತ್ತೆಂಟು ವರ್ಷ ಬೇಕಾಯಿತೇ ಎಂದು ಅವಳಿಗೆ ಅಳು ಬರುವ ಹಾಗಾಯಿತು. ಆಮೇಲೆ ಸರ್ಕಾರದ ವಕೀಲ ಎದ್ದ. ಅದೆಲ್ಲ ನಡೆದಾಗ ಹುಟ್ಟಿಯೂ ಇರದ ಹುಡುಗ, ಒಳ್ಳೆಯ ಸೂಟು, ಒಳ್ಳೆಯ ನಗು.

“ಮಾಮಾ, ನೀವು ಹೇಳುವ ಪೂಜೆ ನಡೆದದ್ದು ಎಲ್ಲಿ?”

“ದೇವರ ಕೋಣೆಯಲ್ಲಿ.”

“ಅರ್ಜಿದಾರರು ಆ ಕೋಣೆಯಲ್ಲಿದ್ದರೇ?”

“ಇಲ್ಲ.”

“ಎಲ್ಲಿದ್ದರು?”

“ವೆರಾಂಡದಲ್ಲಿ.”

“ಊಟ?”

“ಅಲ್ಲೇ.”

“ಅಷ್ಟು ಹತ್ತಿರದವರಾದರೆ ಒಳಗೆ ಯಾಕೆ ಕರೆಯಲಿಲ್ಲ?”

ಅತ್ತೆ ಒದ್ದೆ ಸೀರೆಯಲ್ಲಿ ನಡುಮನೆಯ ಹೊಸ್ತಿಲಿಗೆ ಅಡ್ಡ ನಿಂತಿದ್ದು ಕಂಡಿತು. ಆಮೇಲೆ ಆ ತಟ್ಟೆಯನ್ನು ಬೇರೆ ಇಡು, ಎಂದಿದ್ದು ಕೇಳಿಸಿತು. ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು, ಅವರ ಮೇಲೆ ಹಾಕಿಬಿಡುವುದು ಸುಲಭ. “ನಮ್ಮ ಅತ್ತೆ ಒಳಗೆ ಬಿಡುತ್ತಿರಲಿಲ್ಲ,” ಎಂದಳು. ಹೇಳಿ ನಾಲಿಗೆ ಕಹಿಯಾಯಿತು. “ನಾನೂ ಕರೆಯಲಿಲ್ಲ,” ಎಂದು ಸೇರಿಸಿದಳು. ಮೂರನೆಯ ಸಾಲಿನ ಬೆಂಚಿನಲ್ಲಿ ಮೇರಿ ತಲೆ ತಿರುಗಿಸಿ ಗಂಡನನ್ನು ನೋಡುತ್ತಿದ್ದಳು.

“ಸರಿ. ಅಂದರೆ ಅರ್ಜಿದಾರರಿಗೆ ಕಂಡದ್ದು ಇಷ್ಟು. ಮುಚ್ಚಿದ ಬಾಗಿಲು. ಒಳಗೆ ತಿಳಿಯದ ಭಾಷೆಯಲ್ಲಿ ಮಾತು. ಆಮೇಲೆ ಅವರ ಮೇಲಧಿಕಾರಿ ಹೊರಗೆ ಬಂದು ತೋಳಿಗೆ ದಾರ ಕಟ್ಟುತ್ತಾರೆ. ವರ್ಷವೆಲ್ಲ ತೆಗೆಯಬಾರದು ಅನ್ನುತ್ತಾರೆ. ಹೌದೇ?”

“ಹೌದು.”

“ತೆಗೆದರೆ ಏನಾಗುತ್ತದೆ ಅಂತ ಅವರಿಗೆ ಹೇಳಿದ್ದಿರಾ?”

ವಂಜಿಕು ಆಕ್ಷೇಪಣೆಗೆ ಎದ್ದಳು, ನ್ಯಾಯಾಧೀಶರು ಕೂರಿಸಿದರು. ಸುಳ್ಳು ಹೇಳಬಹುದಿತ್ತು. ಬರ್ತ್‌ಡೇ ಅನ್ನಬಹುದಿತ್ತು. “ಹೇಳಿದ್ದೆ. ಕೇಡಾಗುತ್ತದೆ ಅಂತ. ಒಂದು ಕಥೆ ಇದೆ.”

“ಗುಟ್ಟಿನ ಕೋಣೆ, ಗುರುತಿನ ದಾರ, ಮುರಿದರೆ ಕೇಡು,” ಹುಡುಗ ನ್ಯಾಯಾಧೀಶರ ಕಡೆ ತಿರುಗಿ ನಕ್ಕ. “ಪ್ರಮಾಣ ಅನ್ನುವುದು ಇದಕ್ಕೇ ಅಲ್ಲವೇ, ಮಾಮಾ?”

“ಯಾವ ಸರ್ಕಾರದ ವಿರುದ್ಧ? ನಮ್ಮ ಅತ್ತೆ ಕಟ್ಟಿಕೊಳ್ಳುತ್ತಿದ್ದರು. ಅವರ ಅತ್ತೆ ಕಟ್ಟಿಕೊಳ್ಳುತ್ತಿದ್ದರು. ಅವರಿಗೆ ಮೈಸೂರು ಬಿಟ್ಟರೆ ಬೇರೆ ಊರೇ ಗೊತ್ತಿರಲಿಲ್ಲ. ಅವರು ನಿಮ್ಮ ಸರ್ಕಾರ ಬೀಳಿಸಲು ಬಂದಿದ್ದರಾ?”

ಕೋರ್ಟು ನಕ್ಕಿತು. ನ್ಯಾಯಾಧೀಶರು ಕೂಡ. ಆ ನಗು ತನ್ನ ಪರವಾಗಿದ್ದರೂ ಅವಳಿಗೆ ಮೈಯೆಲ್ಲ ಉರಿಯಿತು. ನಗುವ ವಿಷಯವಾಯಿತೇ ಇದು? ಆ ಮನುಷ್ಯನ ಕಾಲು? “ನಗಬೇಡಿ,” ಎಂದಳು, ಯಾರಿಗೆ ಹೇಳುತ್ತಿದ್ದೇನೆಂದು ನೋಡದೆ. “ತೆಗೆದರೆ ಕೇಡು ಅಂದಿದ್ದೆ. ಅವರು ತೆಗೆಯಲಿಲ್ಲ. ಕೇಡಾಯಿತು. ಅದನ್ನು ಬರೆದುಕೊಳ್ಳಿ.”

ನಗು ನಿಂತಿತು. ಹುಡುಗ ಮಾತ್ರ ಕಾಯುತ್ತಿದ್ದ. ಇಷ್ಟು ಹೊತ್ತು ಕೇಳಿದ್ದೆಲ್ಲ ಇಲ್ಲಿಗೆ ಬರಲೆಂದೇ ಅನ್ನುವಂತೆ ಮೆತ್ತಗೆ ಕೇಳಿದ.

“ದಾರದ ಸುದ್ದಿ ಪೇಪರಿನಲ್ಲಿ ಬಂದಾಗ ಓದಿದಿರಾ?”

“ಓದಿದೆ.”

“ಅದು ಪೂಜೆಯ ದಾರ ಅಂತ ಪೊಲೀಸರಿಗೆ ಹೇಳಿದಿರಾ?”

“ಇಲ್ಲ.”

“ಕೋರ್ಟಿಗೆ? ಯಾವುದಾದರೂ ವಕೀಲರಿಗೆ? ಅವರ ಹೆಂಡತಿಗೆ?”

“ಇಲ್ಲ.”

“ನಿಮ್ಮ ಗಂಡ?”

“ಇಲ್ಲ.”

“ಒಬ್ಬ ನಿರಪರಾಧಿ ಐದು ವರ್ಷ ಜೈಲಿಗೆ ಹೋಗುತ್ತಿದ್ದಾನೆ. ದಾರ ಬರೀ ಪೂಜೆಯದಾಗಿದ್ದರೆ, ನಿಮ್ಮಂಥ ದೇವರಿಗೆ ಹೆದರುವ ಹೆಂಗಸು ಒಂದು ಮಾತು ಹೇಳುತ್ತಿದ್ದರು. ನೀವು ಹೇಳಲಿಲ್ಲ. ಹಾಗಾದರೆ ಆ ದಾರ ಏನು ಅಂತ ಆಗ ನಿಮಗೇ ಖಾತ್ರಿ ಇರಲಿಲ್ಲ. ಅಲ್ಲವೇ?”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈ ಹುಡುಗ ಅವಳ ಸುಮ್ಮನಿರುವಿಕೆಯನ್ನೇ ಎತ್ತಿ ಆಲ್ಫ್ರೆಡ್‌ನ ಮೇಲೆ ಸಾಕ್ಷಿ ಹೇಳಿಸುತ್ತಿದ್ದಾನೆ. ಮಡಿಸಿಟ್ಟ ಪೇಪರು, ಬಡಿಸಿದ ಸಾರು, ಅಂಗಡಿಯಲ್ಲಿ ಮುರಿದ ಬೆಂಡೆಕಾಯಿ ಎಲ್ಲವೂ ಸರ್ಕಾರದ ಪರ. ಅಷ್ಟು ವರ್ಷ ಗಂಡ ಹೆಂಡತಿ ಇಬ್ಬರೂ ಏನೂ ಮಾಡದೆ ಕೂತಿದ್ದೇವೆ ಅಂದುಕೊಂಡಿದ್ದರು. ದಿನವೂ ಕೆಲಸ ಮಾಡುತ್ತಲೇ ಇದ್ದರು, ಈ ಸರ್ಕಾರಕ್ಕಾಗಿ.

“ಹೆದರಿಕೆ,” ಎಂದಳು.

“ಕ್ಷಮಿಸಿ?”

“ಹೇಳದೆ ಇದ್ದದ್ದು ಹೆದರಿಕೆಯಿಂದ.”

“ಯಾರಿಗೆ ಹೆದರಿದ್ದಿರಿ, ಮಾಮಾ?”

“ನಿಮಗೆ.”

“ಆಗಿನ ಸರ್ಕಾರಕ್ಕೆ, ಅಂತ ನಿಮ್ಮ ಅರ್ಥ.”

“ನನ್ನ ಅರ್ಥ ನನಗೆ ಗೊತ್ತು. ನಿಮಗೆ. ಆ ಜಾಗದಲ್ಲಿ ನಿಂತು ಹೀಗೆ ನಗುತ್ತಾ ಕೇಳುವವರಿಗೆ. ಕೆಲಸ ಹೋಗುತ್ತದೆ, ದೇಶ ಬಿಡಿಸುತ್ತಾರೆ, ನನ್ನ ಗಂಡನನ್ನೂ ಎತ್ತಿಕೊಂಡು ಹೋಗುತ್ತಾರೆ ಅಂತ ಹೆದರಿದೆ. ಖಾತ್ರಿ ಇತ್ತು ನನಗೆ. ನೂರಕ್ಕೆ ನೂರು ಖಾತ್ರಿ ಇತ್ತು, ಅದಕ್ಕೇ ಹೆದರಿದ್ದು. ನಿರಪರಾಧಿ ಅಂತ ಗೊತ್ತಿದ್ದವರೇ ಆಗ ಬಾಯಿ ಮುಚ್ಚಿಕೊಂಡದ್ದು. ಅನುಮಾನ ಇದ್ದವರು ಬೇಕಾದಷ್ಟು ಮಾತಾಡಿದರು.”

“ದಾರ ಕಟ್ಟಿದ ನಿಮ್ಮ ಗಂಡ ಇವತ್ತು ಯಾಕೆ ಬಂದಿಲ್ಲ?”

ಬಿಪಿ ಅನ್ನುವ ಮಾತು ತುಟಿಯವರೆಗೆ ಬಂತು. ವಕೀಲೆಯೂ ಅದನ್ನೇ ಹೇಳಬೇಕೆಂದು ಕಲಿಸಿದ್ದಳು. “ಅವರಿಗೆ ಇನ್ನೂ ಹೆದರಿಕೆ,” ಎಂದಳು ರುಕ್ಮಿಣಿ. “ಹೆಸರು ಸದಾಶಿವ. ಬರೆದುಕೊಳ್ಳಿ. ಇಷ್ಟು ಹೆದರಿಸಿದ್ದೀರಿ ನೀವು.”

ತೀರ್ಪಿನ ದಿನವನ್ನು ಆಮೇಲೆ ತಿಳಿಸುತ್ತೇವೆ ಎಂದು ನ್ಯಾಯಾಧೀಶರು ಎದ್ದರು. ಹೊರಗೆ ಕಾರಿಡಾರಿನಲ್ಲಿ ಬೇರೆ ಯಾವುದೋ ಜಮೀನಿನ ವ್ಯಾಜ್ಯದವರು ಗುಂಪಾಗಿ ಜಗಳವಾಡುತ್ತಿದ್ದರು. ಮೇರಿ ರುಕ್ಮಿಣಿಯನ್ನು ನೋಡಲಿಲ್ಲ. ಗಂಡನ ಎದುರು ನಿಂತು, “ವೆರಾಂಡವಾ?” ಎಂದಳು.

ಆಲ್ಫ್ರೆಡ್ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

“ಅವರ ಮೇಜಿನಲ್ಲಿ ಜೊತೆಗೆ ಕೂತು ಉಂಡೆ ಅಂದಿದ್ದೆ. ಆ ಮನೆಯ ಅಮ್ಮ ತಾವೇ ಬಡಿಸಿದರು, ಮಗನ ಹಾಗೆ ನೋಡಿಕೊಂಡರು ಅಂದಿದ್ದೆ. ನಮ್ಮ ಮಕ್ಕಳಿಗೂ ಅದನ್ನೇ ಹೇಳಿದ್ದೀಯ.”

“ಚೆನ್ನಾಗಿತ್ತಲ್ಲ ಊಟ,” ಎಂದ ಆಲ್ಫ್ರೆಡ್.

ಮೇರಿ ಏನೋ ಕಿಕುಯು ಭಾಷೆಯಲ್ಲಿ ಅಂದು ಮೆಟ್ಟಿಲ ಕಡೆ ನಡೆದುಬಿಟ್ಟಳು. ನಿಕಿತಾ ಅವಳ ಹಿಂದೆ ಓಡಿದಳು, ಯಾಕೆ ಓಡಿದಳೋ. ಬೆಂಚಿನಲ್ಲಿ ಇಬ್ಬರೇ ಉಳಿದರು. ಇಷ್ಟು ಹತ್ತಿರ ಇವನ ಪಕ್ಕ ತಾನು ಯಾವತ್ತೂ ಕೂತಿಲ್ಲ ಎಂದು ರುಕ್ಮಿಣಿಗೆ ಹೊಳೆಯಿತು. ಆ ವರ್ಷಗಳಲ್ಲೆಲ್ಲ ಅವಳನ್ನು ಕೊರೆದದ್ದು ಒಂದೇ ಮಾತು. ಪೊಲೀಸರು ಮನೆಗೆ ಬರಲಿಲ್ಲ ಅಂದರೆ ಇವನು ಹೇಳಲಿಲ್ಲ. ಎಷ್ಟು ಹೊಡೆದಿದ್ದರೂ ಹೇಳದೆ ನಮ್ಮನ್ನು ಉಳಿಸಿದ. ಉಳಿಸಿದವನನ್ನು ನೆನೆಯುವುದು ಎಷ್ಟು ಕಷ್ಟ ಅಂದರೆ ಅವಳು ಅವನನ್ನು ದ್ವೇಷಿಸಿದ್ದೂ ಇತ್ತು.

“ಆಲ್ಫ್ರೆಡ್, ನಮ್ಮ ಹೆಸರು ಯಾಕೆ ಹೇಳಲಿಲ್ಲ?”

ಅವನು ಸ್ವಲ್ಪ ಹೊತ್ತು ಜಮೀನಿನ ಜಗಳ ನೋಡಿದ.

“ಮೊದಲು ಸತ್ತವರ ಹೆಸರು ಹೇಳಿದೆ, ಮಾಮಾ ನಿಕಿತಾ. ಸತ್ತವರಿಗೆ ಏನೂ ಮಾಡಲಾರರು ಅಂತ. ಆದರೆ ನಾನು ಆಗ ಚಿಕ್ಕವನು. ನನಗೆ ಗೊತ್ತಿದ್ದ ಸತ್ತವರು ಸಾಕಾಗಲಿಲ್ಲ.” ನಕ್ಕ. “ಆಮೇಲೆ ಬಾಸ್ ಹೆಸರು ಹೇಳಿದೆ. ಮಿಸ್ಟರ್ ಸದಾಶಿವ, ದಾರ ಕಟ್ಟಿದವರು ಅವರೇ, ಹೋಗಿ ಕೇಳಿ ಅಂದೆ. ಪೊಲೀಸರು ಇನ್ನೂ ಜಾಸ್ತಿ ಹೊಡೆದರು. ಮುಹಿಂದಿ ಪ್ರಮಾಣ ಮಾಡುತ್ತಾನೆಯೇ, ಇಂಡಿಯನ್ನನಿಗೆ ಅಂಗಡಿ ಬಿಟ್ಟು ಬೇರೆ ದೇಶ ಉಂಟೇ, ಸರಿಯಾದ ಹೆಸರು ಹೇಳು ಅಂದರು. ನಿಮ್ಮ ಹೆಸರನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಾನೇನೂ ಉಳಿಸಲಿಲ್ಲ ನಿಮ್ಮನ್ನು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.”

“ಆ ಗಂಟಿಗೆ ಮತ್ತೆ ಯಾರ ಹೆಸರು ಹೇಳಿದೆ?”

ಆಲ್ಫ್ರೆಡ್ ಎದ್ದು ನಿಂತು, ಕೈ ಕೊಟ್ಟು, ಅವಳನ್ನೂ ಎಬ್ಬಿಸಿದ.

ಸಂಜೆ ಸದಾಶಿವ ಊಟದ ಮೇಜಿನಲ್ಲಿ ಕೂತೇ ಕಾಯುತ್ತಿದ್ದ. ಏನಾಯಿತು ಎಂದು ಕೇಳಲಿಲ್ಲ, ಗೆಲ್ಲುತ್ತಾನಾ ಎಂದೂ ಕೇಳಲಿಲ್ಲ.

“ನನ್ನ ಹೆಸರು ಬಂತಾ?” ಎಂದ.

“ಬಂತು,” ಎಂದಳು ರುಕ್ಮಿಣಿ. “ಆಗಲೇ ಬಂದಿತ್ತಂತೆ.”

ಅವನು ಅದನ್ನು ಕೇಳಿ ಏನು ಮಾಡಿದ ಎಂದು ರುಕ್ಮಿಣಮ್ಮನವರು ನನಗೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಇದನ್ನು ಬರೆಯುವ ಹೊತ್ತಿಗೆ ತೀರ್ಪು ಬಂದಿಲ್ಲ. ಆಲ್ಫ್ರೆಡ್ ಬೆಂಚಿನ ಮೇಲೆ ಹೇಳಿದ್ದು ನಿಜವೋ, ವೆರಾಂಡದ ಊಟವನ್ನು ಹೆಂಡತಿಗೆ ಮೇಜಿನ ಊಟವೆಂದು ಹೇಳಿದ ಹಾಗೆ ಎದುರಿಗಿದ್ದವಳ ಭಾರ ಇಳಿಸಲು ಹೇಳಿದ್ದೋ, ಅಥವಾ ಕಡೆಗೂ ಒಂದು ಪೆಟ್ಟು ತಿರುಗಿ ಕೊಟ್ಟದ್ದೋ ನನಗೆ ಗೊತ್ತಿಲ್ಲ. ರುಕ್ಮಿಣಮ್ಮನವರಿಗೂ ಗೊತ್ತಿಲ್ಲ. ಸದಾಶಿವನ ಹೆಸರನ್ನು ಒಪ್ಪದೆ ಹೊಡೆದಾಗ ಅದರ ಬದಲಿಗೆ ಬಂದ ಹೆಸರು ಯಾರದು, ಆ ಹೆಸರಿನವನನ್ನು ಎಲ್ಲಿಂದ ಎತ್ತಿಕೊಂಡು ಹೋದರು, ಅವನು ಇದ್ದಾನೋ ಇಲ್ಲವೋ, ಅದೂ ಗೊತ್ತಿಲ್ಲ.